ಮ್ಯಾಥಮೆಟಿಕಲ್ ಫಿಸಿಕ್ಸ್ ಎಲ್ಲಿ ಕಲಿಯಬೇಕು? ಕ್ಲಾಸು, ದೂರಶಿಕ್ಷಣ, ಎನ್‌ಪಿಟೆಲ್, ಸ್ವಂತ ಓದು, ಕೋಚಿಂಗ್

ಪ್ರತಿ ವರ್ಷ ಬಿ.ಎಸ್ಸಿ. ಕೊನೆಯ ಸೆಮಿಸ್ಟರಿನ ರಿಸಲ್ಟ್ ಬಂದ ವಾರ ನನ್ನ ಫೋನಿಗೆ ಬಿಡುವಿರುವುದಿಲ್ಲ. ಸಿಂದಗಿ, ಜಮಖಂಡಿ, ಗೋಕಾಕ, ಎಲ್ಲ ಕಡೆಯಿಂದ ಅದೇ ಮಾತು. "ಮೇಡಂ, ಮ್ಯಾಥಮೆಟಿಕಲ್ ಫಿಸಿಕ್ಸ್ ಸರಿಯಾಗಿ ಕಲೀಬೇಕ್ರಿ. ಎಲ್ಲಿ ಸೇರ್ಲಿ?" ಮ್ಯಾಥಮೆಟಿಕಲ್ ಫಿಸಿಕ್ಸ್ ಅಂದರೆ ಫಿಸಿಕ್ಸ್ ಲೆಕ್ಕ ಬಿಡಿಸಲು ಬೇಕಾಗುವ ಗಣಿತ.

ಈ ಸಲ ಮೂವರು ಬಹಳ ತಲೆಕೆಡಿಸಿಕೊಂಡು ಕೇಳಿದರು. ಒಬ್ಬಳು ಇಂಡಿ ತಾಲೂಕಿನ ಹುಡುಗಿ. ರೆಗ್ಯುಲರ್ ಎಂ.ಎಸ್ಸಿ. ಸೀಟು ಸಿಗುವಷ್ಟು ಅಂಕ ಇದೆ, ಮನೆಯವರು ಮಾತ್ರ ದೂರಶಿಕ್ಷಣವೇ ಸಾಕು ಅನ್ನುತ್ತಿದ್ದಾರೆ. ಇನ್ನೊಬ್ಬ ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿರುವ ಮೆಕ್ಯಾನಿಕಲ್ ಎಂಜಿನಿಯರ್. ಐಐಟಿಯಂಥ ಕಡೆ ಉನ್ನತ ಓದಿಗೆ ಸೇರಲು ಬರೆಯುವ ಗೇಟ್ ಪರೀಕ್ಷೆಯನ್ನು ಫಿಸಿಕ್ಸ್‌ನಲ್ಲಿ ಬರೆಯಬೇಕು ಅನ್ನುವ ಆಸೆ ಅವನಿಗೆ. ಮೂರನೆಯವರು ಮುಧೋಳದ ಹೈಸ್ಕೂಲ್ ಶಿಕ್ಷಕರು. ಎಂ.ಎಸ್ಸಿ. ಮುಗಿಸಿ ಹನ್ನೆರಡು ವರ್ಷ ಆಗಿದೆ, ಈಗ ಕಾಲೇಜು ಅಧ್ಯಾಪಕರಾಗಲು ಬರೆಯುವ ರಾಜ್ಯದ ಅರ್ಹತಾ ಪರೀಕ್ಷೆ ಕೆಸೆಟ್ ಪಾಸಾಗಬೇಕು. ಮೂವರಿಗೂ ನಾನು ಬೇರೆ ಬೇರೆ ದಾರಿ ಹೇಳಿದೆ. ಯಾಕೆ ಹಾಗೆ ಹೇಳಿದೆ ಅಂತ ಇಲ್ಲಿ ಬಿಡಿಸಿ ಬರೆಯುತ್ತೇನೆ. ನಿಮ್ಮದು ಇನ್ನೊಂದು ಥರದ ಪರಿಸ್ಥಿತಿ ಆಗಿದ್ದರೂ ಅಳತೆಗೋಲು ಇವೇ.

ಮೊದಲು ಅಳತೆಗೋಲು

ಖರ್ಚು, ಸಮಯ, ಕೊನೆಗೆ ಕೈಗೆ ಬರುವ ಕಾಗದ. ಈ ಮೂರನ್ನು ಎಲ್ಲರೂ ನೋಡುತ್ತಾರೆ, ನೋಡಲೇಬೇಕು. ಡಿಗ್ರಿ ಬೇಕಾ, ಸರ್ಟಿಫಿಕೇಟ್ ಸಾಕಾ, ಅಥವಾ ಪರೀಕ್ಷೆಯ ಅಂಕ ಮಾತ್ರ ಬೇಕಾ? ಇದನ್ನು ಮೊದಲ ದಿನವೇ ತೀರ್ಮಾನಿಸಿಕೊಳ್ಳಿ. ನಾಲ್ಕನೆಯದು ಭಾಷೆ. ಪಿಯುಸಿವರೆಗೆ ಕನ್ನಡದಲ್ಲೇ ಯೋಚಿಸಿದವರಿಗೆ ಇಂಗ್ಲಿಷ್ ಉಪನ್ಯಾಸದ ವೇಗ ಹಿಡಿಯುವುದೇ ಒಂದು ಕೆಲಸ. ಅದು ದಡ್ಡತನ ಅಲ್ಲ, ಅಭ್ಯಾಸದ ಮಾತು.

ಐದನೆಯದನ್ನು ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ದೊಡ್ಡದು: ನೀವು ಬಿಡಿಸಿದ ಹಾಳೆಯನ್ನು ಯಾರು ನೋಡಿ ತಿದ್ದುತ್ತಾರೆ?

ಇದು ನಾನು ಪಟ್ಟ ಪಾಡಿನಿಂದ ಬಂದ ಮಾತು. ಡಿಗ್ರಿಯಲ್ಲಿ ಗೋಳದ ಲೆಕ್ಕಗಳಿಗೆ ಬೇಕಾಗುವ ಲಜಾಂಡ್ರ್ ಪಾಲಿನಾಮಿಯಲ್‌ಗಳ ಡೆರಿವೇಶನ್ ಇಡೀ ಬಾಯಿಪಾಠ ಮಾಡಿದ್ದೆ. ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದೆ, ಒಳ್ಳೆ ಅಂಕವೂ ಬಂತು. ಎಂ.ಎಸ್ಸಿ.ಗೆ ಬಂದ ಮೇಲೆ ನಮ್ಮ ಸರ್ ಒಂದು ಸರಳ ಲೆಕ್ಕ ಕೊಟ್ಟರು. ಒಂದು ಲೋಹದ ಗೋಳ, ಮೇಲಿನ ಅರ್ಧಕ್ಕೆ ಒಂದು ವೋಲ್ಟೇಜ್, ಕೆಳಗಿನ ಅರ್ಧಕ್ಕೆ ಇನ್ನೊಂದು, ಹೊರಗಿನ ಪೊಟೆನ್ಶಿಯಲ್ ಎಷ್ಟು? ಅದೇ ಲಜಾಂಡ್ರ್ ಬೇಕಿದ್ದ ಲೆಕ್ಕ. ನನಗೆ ಮೊದಲ ಸಾಲೇ ಹೊಳೆಯಲಿಲ್ಲ. ಮೂರು ವರ್ಷ ನನ್ನ ಹಾಳೆಗೆ ಅಂಕ ಬಿದ್ದಿತ್ತು, ಆದರೆ "ಇಲ್ಲಿ ಯಾಕೆ ಹೀಗೆ ಮಾಡಿದೆ?" ಅಂತ ಒಬ್ಬರೂ ಕೇಳಿರಲಿಲ್ಲ.

ಹಗೇವಿನ ಲೆಕ್ಕ

ಎಲ್ಲ ದಾರಿಗಳನ್ನೂ ಒಂದೇ ಲೆಕ್ಕದ ಮೇಲೆ ಇಟ್ಟು ನೋಡೋಣ. ಆಗ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ನಮ್ಮ ಕಡೆ ಹಳೇ ಮನೆಗಳಲ್ಲಿ, ಊರ ಬಯಲಿನಲ್ಲಿ ಹಗೇವು ಇರುತ್ತಿದ್ದವು. ನೆಲದಲ್ಲಿ ಆಳವಾಗಿ ತೋಡಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಹಾಕುತ್ತಿದ್ದರು. ಮೇಲೆ ಮೇ ತಿಂಗಳ ಬಿಸಿಲು ಸುಡುತ್ತಿದ್ದರೂ ಒಳಗೆ ಅಷ್ಟು ಬಿಸಿ ಇರುವುದಿಲ್ಲ. ಪ್ರಶ್ನೆ ಇಷ್ಟೇ: ಹಗಲು-ರಾತ್ರಿಯ ಬಿಸಿಯ ಏರಿಳಿತ ಮಣ್ಣಲ್ಲಿ ಎಷ್ಟು ಆಳಕ್ಕೆ ಇಳಿಯುತ್ತದೆ? ಬೇಸಿಗೆ-ಚಳಿಗಾಲದ ಏರಿಳಿತ ಎಷ್ಟು ಆಳಕ್ಕೆ?

ಇದು ಹೀಟ್ ಈಕ್ವೇಶನ್, ಅಂದರೆ ಬಿಸಿ ಹೇಗೆ ಹರಡುತ್ತದೆ ಅಂತ ಹೇಳುವ ಸಮೀಕರಣ. ಮೇಲ್ಮೈ ಉಷ್ಣತೆ ಸೈನ್ ಅಲೆಯ ಹಾಗೆ ಏರಿಳಿಯುತ್ತದೆ ಅಂದುಕೊಳ್ಳಿ. ಅದನ್ನು ಕಾಂಪ್ಲೆಕ್ಸ್ ಎಕ್ಸ್‌ಪೊನೆನ್ಶಿಯಲ್ ಆಗಿ ಬರೆದರೆ ದಾರಿಯಲ್ಲಿ ಒಂದು ವಿಚಿತ್ರ ಸಂಖ್ಯೆ ಎದುರಾಗುತ್ತದೆ, ಐ ಎಂಬ ಕಾಲ್ಪನಿಕ ಸಂಖ್ಯೆಯ ವರ್ಗಮೂಲ. ಅದರ ಬೆಲೆ, ಒಂದು ಕೂಡಿಸು ಐ, ಆ ಇಡೀ ಮೊತ್ತ ಭಾಗಿಸು ಎರಡರ ವರ್ಗಮೂಲ. ರಿಯಲ್ ಭಾಗ, ಇಮ್ಯಾಜಿನರಿ ಭಾಗ ಎರಡೂ ಸಮ. ರಿಯಲ್ ಭಾಗ ಹೇಳುವುದು, ಆಳಕ್ಕೆ ಹೋದ ಹಾಗೆ ಏರಿಳಿತ ಎಷ್ಟು ಕುಗ್ಗುತ್ತದೆ ಅಂತ. ಇಮ್ಯಾಜಿನರಿ ಭಾಗ ಹೇಳುವುದು, ಬಿಸಿ ಎಷ್ಟು ತಡವಾಗಿ ಮುಟ್ಟುತ್ತದೆ ಅಂತ. ಕುಗ್ಗುವುದು ಮತ್ತು ತಡವಾಗುವುದು, ಎರಡೂ ಒಂದೇ ಸಂಖ್ಯೆಯ ಎರಡು ಮುಖ. ವರ್ಗಮೂಲಕ್ಕೆ ಎರಡು ಉತ್ತರ ಇರುತ್ತವೆ ಅಲ್ವಾ? ಅದರಲ್ಲಿ ಒಂದನ್ನು ಬಿಡಬೇಕು. ಯಾಕೆಂದರೆ ಅದನ್ನು ಇಟ್ಟುಕೊಂಡರೆ ಪಾತಾಳಕ್ಕೆ ಇಳಿದ ಹಾಗೆ ಬಿಸಿ ಮಿತಿಯಿಲ್ಲದೆ ಏರುತ್ತಾ ಹೋಗುತ್ತದೆ.

ಉತ್ತರ: ಆಳವು ಅವಧಿಯ ವರ್ಗಮೂಲದ ಹಾಗೆ ಬೆಳೆಯುತ್ತದೆ. ವರ್ಷಕ್ಕೆ 365 ದಿನ, ಅದರ ವರ್ಗಮೂಲ ಸುಮಾರು 19. ಸಾಮಾನ್ಯ ಮಣ್ಣಿನಲ್ಲಿ ದಿನದ ಏರಿಳಿತ ಹತ್ತು-ಹನ್ನೆರಡು ಸೆಂಟಿಮೀಟರ್‌ಗೆ ಮೂರನೇ ಒಂದು ಭಾಗದಷ್ಟಕ್ಕೆ ಕುಗ್ಗುತ್ತದೆ. ಹಾಗಾದರೆ ವರ್ಷದ ಏರಿಳಿತ ಅಷ್ಟು ಕುಗ್ಗಲು ಎರಡು ಮೀಟರ್ ಬೇಕು. ಅಲ್ಲಿಗೆ ಬಿಸಿ ಮುಟ್ಟುವುದು ಸುಮಾರು 58 ದಿನ ತಡವಾಗಿ. ಮೇ ತಿಂಗಳ ಬಿಸಿ ಹಗೇವಿನ ಆಳಕ್ಕೆ ಇಳಿಯುವಾಗ ಮೇಲೆ ಜುಲೈ ಆಗಿರುತ್ತದೆ. ಈ ಉತ್ತರ ಮೊದಲ ಸಲ ಹಾಳೆಯ ಮೇಲೆ ಬಂದಾಗ ನನಗಾದ ಖುಷಿ ಇನ್ನೂ ನೆನಪಿದೆ.

ಈಗ ದಾರಿಗಳಿಗೆ ಬರೋಣ.

ರೆಗ್ಯುಲರ್ ಕ್ಲಾಸು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆ ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 2010ರಲ್ಲಿ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯ ಆಯಿತು. ವಿಜಯಪುರದಲ್ಲಿ 2003ರಿಂದ ಮಹಿಳಾ ವಿಶ್ವವಿದ್ಯಾಲಯ ಇದೆ, ಈಗ ಅಕ್ಕಮಹಾದೇವಿಯವರ ಹೆಸರಿನಲ್ಲಿದೆ. ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಬಂದಿದೆ. ಧಾರವಾಡವೂ ಬೆಳಗಾವಿಗೆ ದೂರ ಅಲ್ಲ. ಫಿಸಿಕ್ಸ್ ಎಂ.ಎಸ್ಸಿ. ಎಲ್ಲಿ, ಎಷ್ಟು ಸೀಟು ಅನ್ನುವುದನ್ನು ಆಯಾ ವರ್ಷದ ಪ್ರವೇಶ ಪ್ರಕಟಣೆ ನೋಡಿಯೇ ನಂಬಿ. ಹಿಂದಿನ ವರ್ಷದ ಮಾತು ಕೇಳಿಕೊಂಡು ಹೊರಡಬೇಡಿ.

ಕ್ಲಾಸಿನ ದೊಡ್ಡ ಲಾಭ ಏನು? ನೀವು ತಪ್ಪು ವರ್ಗಮೂಲ ಇಟ್ಟುಕೊಂಡ ಗಳಿಗೆಯಲ್ಲೇ ಒಬ್ಬರು ತಡೆಯುತ್ತಾರೆ. ಅದೂ ಕನ್ನಡದಲ್ಲಿ. "ಅಲ್ಲವಾ, ಕೆಳಗ ಹೋದಂಗ ಬಿಸಿ ಏರಿದ್ರ ಭೂಮಿ ಏನಾಗಬೇಕು?" ಅಂತ ಒಂದು ಮಾತು ಕೇಳಿದರೆ ಬೌಂಡರಿ ಕಂಡಿಶನ್, ಅಂದರೆ ಅಂಚಿನಲ್ಲಿ ಉತ್ತರ ಹೇಗಿರಬೇಕು ಅನ್ನುವ ನಿಯಮ, ಜೀವಮಾನಕ್ಕೆ ಮರೆಯುವುದಿಲ್ಲ.

ವಿಜಯಪುರದಲ್ಲಿ ಕಲಿಯುವವರಿಗೆ ಇನ್ನೊಂದು ಭಾಗ್ಯ ಇದೆ. ದುಂಡನೆಯ ಜಾಗದ ಅಲೆಗಳನ್ನು ಹೇಳುವ ಬೆಸೆಲ್ ಫಂಕ್ಷನ್ ಶುರು ಮಾಡುವ ಮೊದಲು ನಾನು ಮಕ್ಕಳನ್ನು ಗೋಳಗುಮ್ಮಟಕ್ಕೆ ಕರೆದುಕೊಂಡು ಹೋಗುತ್ತೇನೆ. ಬೆಳಿಗ್ಗೆ ಬೇಗ, ಗದ್ದಲ ಶುರುವಾಗುವ ಮೊದಲು. ಗುಮ್ಮಟದ ಒಳಗಿನ ಗ್ಯಾಲರಿಯಲ್ಲಿ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಎದುರು ಬದಿಗೆ ಕೇಳುತ್ತದೆ. ದನಿ ಗೋಡೆಗೆ ಅಂಟಿಕೊಂಡು ಹೋಗುತ್ತದೆ. ಇಂಥ ಗ್ಯಾಲರಿಗಳ ಅಲೆಗಳನ್ನು ಇಂಗ್ಲೆಂಡಿನ ಭೌತವಿಜ್ಞಾನಿ ರ‍್ಯಾಲೆ 1910ರಲ್ಲಿ ಬೆಸೆಲ್ ಫಂಕ್ಷನ್ ಬಳಸಿಯೇ ವಿವರಿಸಿದರು. ಮುಂದೆ ಸಿ.ವಿ. ರಾಮನ್ ಅವರೂ ಈ ವಿಷಯದ ಮೇಲೆ ಕೆಲಸ ಮಾಡಿದರು, ನಮ್ಮ ಗೋಳಗುಮ್ಮಟವೂ ಅವರ ಅಧ್ಯಯನದಲ್ಲಿ ಇತ್ತು. ದೊಡ್ಡ ಕ್ರಮಾಂಕದ ಬೆಸೆಲ್ ಫಂಕ್ಷನ್ ನಡುವೆ ಹೆಚ್ಚುಕಡಿಮೆ ಸೊನ್ನೆ, ಅಂಚಿನ ಹತ್ತಿರ ಮಾತ್ರ ತಲೆಯೆತ್ತುತ್ತದೆ. ಕೋರ್ಸಿನಲ್ಲಿ ಬರಿ ಗ್ರಾಫ್ ಆಗಿ ಕಾಣುವ ಗೆರೆ ಇಲ್ಲಿ ಕಿವಿಗೇ ಕೇಳಿಸುತ್ತದೆ.

ಕೊರತೆಗಳೂ ಇವೆ. ಒಂದು ಪೇಪರ್ ಮಾತ್ರ ಕಲಿಯುತ್ತೇನೆ ಅಂದರೆ ಆಗುವುದಿಲ್ಲ, ಇಡೀ ಎಂ.ಎಸ್ಸಿ.ಗೇ ಸೇರಬೇಕು. ಎರಡು ವರ್ಷ ದುಡಿಮೆ ಇಲ್ಲ. ಸೆಮಿಸ್ಟರ್ ಚಿಕ್ಕದು, ಗ್ರೀನ್ಸ್ ಫಂಕ್ಷನ್, ಟೆನ್ಸರ್ ಥರದ ಕೊನೆಯ ಪಾಠಗಳು ಬರುವಷ್ಟರಲ್ಲಿ ಓಟ ಶುರುವಾಗಿರುತ್ತದೆ. ಪ್ರಶ್ನೆಪತ್ರಿಕೆಯಲ್ಲಿ "ಡಿರೈವ್ ಮಾಡಿ" ಅನ್ನುವುದೇ ಜಾಸ್ತಿ ಆದರೆ ನಾನು ಬಿದ್ದ ಬಾಯಿಪಾಠದ ಗುಂಡಿಗೆ ನೀವೂ ಬೀಳಬಹುದು. ಸೇರುವ ಮೊದಲು ಹಿಂದಿನ ಎರಡು-ಮೂರು ವರ್ಷದ ಪ್ರಶ್ನೆಪತ್ರಿಕೆ ತರಿಸಿ ನೋಡಿ. ಲೆಕ್ಕಗಳೂ ಇದ್ದರೆ ಅದು ಒಳ್ಳೆ ಸೂಚನೆ.

ಖರ್ಚಿನಲ್ಲಿ ಫೀಸಿಗಿಂತ ರೂಮು, ಊಟವೇ ದೊಡ್ಡದು. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಉಚಿತ ಆದ ಮೇಲೆ ಲೆಕ್ಕ ಬದಲಾಗಿದೆ. ಮೊದಲು ಹಾಸ್ಟೆಲ್ ಇಲ್ಲದೆ ಆಗುವುದಿಲ್ಲ ಅನ್ನುತ್ತಿದ್ದ ಮನೆಗಳಿಂದ ಈಗ ದಿನಾ ಓಡಾಡಿ ಓದುವ ಹುಡುಗಿಯರಿದ್ದಾರೆ. ದಣಿವು ಇದ್ದೇ ಇದೆ. ಆದರೂ ಒಂದು ಬಾಗಿಲು ತೆರೆದಿದೆ.

ಇಗ್ನೋ ದೂರಶಿಕ್ಷಣ

ಇಗ್ನೋ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಫಿಸಿಕ್ಸ್ ಎಂ.ಎಸ್ಸಿ. ಇದೆ, ಅದರಲ್ಲಿ ಗಣಿತ ವಿಧಾನಗಳದ್ದೇ ಒಂದು ಪೇಪರ್ ಇದೆ. ಅದರ ಪ್ರಾದೇಶಿಕ ಕೇಂದ್ರ ವಿಜಯಪುರದಲ್ಲೇ ಇರುವುದು ನಮ್ಮ ಕಡೆಯವರಿಗೆ ಅನುಕೂಲ. ಪುಸ್ತಕಗಳನ್ನು ಒಬ್ಬರೇ ಕೂತು ಓದುವವರಿಗೆ ಅಂತಲೇ ಬರೆದಿರುತ್ತಾರೆ. ನಡುನಡುವೆ ಚಿಕ್ಕ ಪ್ರಶ್ನೆ, ಕೊನೆಗೆ ಉತ್ತರ. ಇಗ್ನೋದ ಪಾಠದ ಪುಸ್ತಕಗಳು ಇಜ್ಞಾನಕೋಶ್ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಹಾಗಾಗಿ ಸೇರುವ ಮೊದಲೇ ಒಂದು ಘಟಕ ಓದಿ ನೋಡಿ. ಒಗ್ಗದಿದ್ದರೆ ಆಗಲೇ ಗೊತ್ತಾಗುತ್ತದೆ.

ಹಾಳೆ ತಿದ್ದುವ ವಿಷಯಕ್ಕೆ ಬಂದರೆ, ಇಲ್ಲಿ ಅಸೈನ್‌ಮೆಂಟ್ ಕೈಯಲ್ಲೇ ಬರೆಯಬೇಕು, ಅದನ್ನು ಒಬ್ಬರು ನೋಡುತ್ತಾರೆ. ಆದರೆ ಹಗೇವಿನ ಲೆಕ್ಕದಲ್ಲಿ ಎಡವಿದ್ದು ಯಾವ ಸಾಲಿನಲ್ಲಿ ಅಂತ ಗೊತ್ತಾಗುವುದು ವಾರಗಳಾದ ಮೇಲೆ. ಅಷ್ಟರಲ್ಲಿ ಲೆಕ್ಕವೇ ಮರೆತಿರುತ್ತದೆ. ಲ್ಯಾಬ್ ದಿನಗಳಿಗೆ ನೀವೇ ಹೋಗಬೇಕು, ಯಾವ ಊರಿನ ಕೇಂದ್ರ ಅಂತ ಪ್ರವೇಶಕ್ಕೆ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಕೆಲಸ ಬಿಡಲಾಗದವರಿಗೆ, ಡಿಗ್ರಿಯೂ ಬೇಕು ಅನ್ನುವವರಿಗೆ ಇದು ಗೌರವದ ದಾರಿ. ಇಪ್ಪತ್ತೊಂದು ವರ್ಷದ ಹುಡುಗಿಗೆ, ಕ್ಲಾಸಿನ ಸೀಟು ಕೈಯಲ್ಲಿರುವಾಗ, ಇದು ಎರಡನೇ ಆಯ್ಕೆ.

ಎನ್‌ಪಿಟೆಲ್, ಸ್ವಯಂ

ಎನ್‌ಪಿಟೆಲ್ ಅಂದರೆ ಐಐಟಿಗಳು ನಡೆಸುವ ಆನ್‌ಲೈನ್ ಪಾಠ, ಸ್ವಯಂ ಅಂದರೆ ಅದು ಸಿಗುವ ಕೇಂದ್ರ ಸರ್ಕಾರದ ತಾಣ. ಒಂದೇ ಒಂದು ಪೇಪರ್ ಕಲಿಯಬೇಕು ಅನ್ನುವವರಿಗೆ ಇದಕ್ಕಿಂತ ಅಗ್ಗದ ವ್ಯವಸ್ಥೆ ಇಲ್ಲ. ಐಐಟಿ, ಐಐಎಸ್‌ಇಆರ್ ಪ್ರಾಧ್ಯಾಪಕರ ಪಾಠ, ಕಲಿಯಲು ಒಂದು ರೂಪಾಯಿ ಬೇಡ. ಸರ್ಟಿಫಿಕೇಟ್ ಬೇಕಾದರೆ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು, ಅದಕ್ಕೆ 1000 ರೂಪಾಯಿ. ವಾರವಾರದ ಅಸೈನ್‌ಮೆಂಟ್‌ಗೆ 25, ಕೊನೆಯ ಪರೀಕ್ಷೆಗೆ 75. ಹನ್ನೆರಡು ವಾರದ ಕೋರ್ಸ್ ಆದರೆ ಉತ್ತಮ ಎಂಟು ಅಸೈನ್‌ಮೆಂಟ್ ಲೆಕ್ಕಕ್ಕೆ ಬರುತ್ತವೆ, ಹಾಗಾಗಿ ಒಂದೆರಡು ವಾರ ಜಾತ್ರೆ, ಮದುವೆ ಅಂತ ತಪ್ಪಿದರೂ ಗಾಬರಿ ಬೇಡ.

ಭೋಪಾಲ್ ಐಐಎಸ್‌ಇಆರ್‌ನ ಔದಿತ್ಯ ಶರ್ಮಾ ಅವರ ಕೋರ್ಸ್ ಹೊಸಬರಿಗೆ ಹೊಂದುತ್ತದೆ. ಐಐಟಿ ಮದ್ರಾಸ್‌ನ ವಿ. ಬಾಲಕೃಷ್ಣನ್ ಅವರ ಉಪನ್ಯಾಸಗಳು ಒಂದು ಮೆಟ್ಟಿಲು ಮೇಲಿನವು. ಬೋರ್ಡಿನ ಮೇಲೆ ಅವರು ಯೋಚಿಸುವುದನ್ನು ನೋಡುವುದೇ ಒಂದು ಪಾಠ. ಆದರೆ ಕಾಂಪ್ಲೆಕ್ಸ್ ಅನಾಲಿಸಿಸ್ (ಐ ಬೆರೆತ ಸಂಖ್ಯೆಗಳ ಕ್ಯಾಲ್ಕುಲಸ್) ಗೊತ್ತಿಲ್ಲದೆ ನೇರ ಅಲ್ಲಿಗೆ ಹೋಗಬೇಡಿ, ಸುಮ್ನೆ ಮನಸ್ಸು ಕುಗ್ಗುತ್ತದೆ.

ತೊಂದರೆ ಒಂದೇ, ಅದು ದೊಡ್ಡದು. ಅಸೈನ್‌ಮೆಂಟ್ ಬಹುಪಾಲು ಆಯ್ಕೆ ಉತ್ತರದ್ದು. ಹಗೇವಿಗೆ 19 ಪಟ್ಟು ಅಂತ ಸರಿ ಗುರುತು ಹಾಕಿದರೆ ಅಂಕ ಬಂತು. ಒಂದು ವರ್ಗಮೂಲ ಯಾಕೆ ಬಿಟ್ಟಿರಿ ಅಂತ ಯಾರೂ ಕೇಳುವುದಿಲ್ಲ. ವಿಡಿಯೋ ನೋಡುವಾಗ ಎಲ್ಲ ಅರ್ಥವಾದ ಹಾಗೆ ಇರುತ್ತದೆ, ಪೆನ್ನು ಹಿಡಿದಾಗ ಮೊದಲ ಸಾಲು ಬರುವುದಿಲ್ಲ. ಈ ದಾರಿ ಹಿಡಿಯುವವರು ಜೊತೆಗೊಬ್ಬ ಗೆಳೆಯನನ್ನೋ ಹಳೇ ಗುರುವನ್ನೋ ಹುಡುಕಿಕೊಳ್ಳಿ. ವಾರಕ್ಕೆ ಎರಡು ಹಾಳೆ ಅವರಿಗೆ ತೋರಿಸಿ.

ರೆಗ್ಯುಲರ್ ವಿದ್ಯಾರ್ಥಿಗಳಿಗೆ ಒಂದು ಮಾತು. ಯುಜಿಸಿಯ 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ಶೇ 40ರಷ್ಟು ಕೋರ್ಸುಗಳನ್ನು ಸ್ವಯಂ ಮೂಲಕ ಮಾಡಲು ಅವಕಾಶ ಇದೆ. ಆದರೆ ನಿಮ್ಮ ವಿಭಾಗ ಒಪ್ಪಬೇಕು. ಮೊದಲೇ ಮುಖ್ಯಸ್ಥರ ಹತ್ತಿರ ಬರಹದಲ್ಲಿ ಕೇಳಿ.

ಸ್ವಂತ ಓದು

ಪುಸ್ತಕದ ಜೊತೆ ಒಬ್ಬರೇ ಕೂರುವ ದಾರಿ. ಇಲ್ಲಿ ಎರಡು ಹೆಸರು ಎಲ್ಲರ ಬಾಯಲ್ಲೂ ಬರುತ್ತವೆ: ಮೇರಿ ಬೋಸ್ ಮತ್ತು ಆರ್ಫ್‌ಕೆನ್. ಎರಡೂ ಪುಸ್ತಕ ಮೊದಲು ಬಂದದ್ದು 1966ರಲ್ಲಿ. ಬೋಸ್ ಅವರದ್ದು ಡಿಗ್ರಿ ಮಟ್ಟದ ಕ್ಯಾಲ್ಕುಲಸ್ ಗೊತ್ತಿರುವವರನ್ನು ಕೈಹಿಡಿದು ನಡೆಸುತ್ತದೆ. ಆರ್ಫ್‌ಕೆನ್ ಎಂ.ಎಸ್ಸಿ. ಮಟ್ಟದ್ದು, ಬೇಕಾದಾಗ ತೆಗೆದು ನೋಡುವ ಪುಸ್ತಕ. ಮೊದಲ ಪುಟದಿಂದ ಕೊನೆಯವರೆಗೆ ಓದುತ್ತೇನೆ ಅಂತ ಆರ್ಫ್‌ಕೆನ್ ಕೊಂಡವರಲ್ಲಿ ಅರ್ಧಕ್ಕೆ ಬಿಟ್ಟವರೇ ಜಾಸ್ತಿ. ಮೊದಲು ಬೋಸ್ ಕೊಳ್ಳಿ, ಆರ್ಫ್‌ಕೆನ್ ಅನ್ನು ಲೈಬ್ರರಿಯಲ್ಲಿ ನೋಡಿ. ಮ್ಯಾಟ್ರಿಕ್ಸ್ ದುರ್ಬಲ ಇದ್ದರೆ ಎಂಐಟಿಯ ಗಿಲ್ಬರ್ಟ್ ಸ್ಟ್ರ್ಯಾಂಗ್ ಅವರ ಲೀನಿಯರ್ ಆಲ್ಜಿಬ್ರಾ ಪಾಠಗಳು ಉಚಿತ.

ನಿಮಗೆ ಈ ದಾರಿ ಆಗುತ್ತದಾ ಅಂತ ಪರೀಕ್ಷಿಸಲು ಮೂರು ಲೆಕ್ಕ ಕೊಡುತ್ತೇನೆ. ಪುಸ್ತಕ ಮುಚ್ಚಿ, ಅರ್ಧ ಗಂಟೆ ಇಟ್ಟುಕೊಳ್ಳಿ. ಒಂದು, ಎಕ್ಸ್ ಅನ್ನು ಇ ಘಾತ ಮೈನಸ್ ಎಕ್ಸ್‌ನಿಂದ ಗುಣಿಸಿ ಸೊನ್ನೆಯಿಂದ ಇನ್ಫಿನಿಟಿವರೆಗೆ ಇಂಟಿಗ್ರೇಟ್ ಮಾಡಿ. ಎರಡು, ಮೇಲಿನ ಸಾಲಿನಲ್ಲಿ 2, 1, ಕೆಳಗಿನ ಸಾಲಿನಲ್ಲಿ 1, 2 ಇರುವ ಮ್ಯಾಟ್ರಿಕ್ಸ್‌ನ ಐಗನ್ ಬೆಲೆಗಳು ಯಾವುವು? ಮೂರು, ವೈಯ ಎರಡನೇ ಡೆರಿವೇಟಿವ್‌ಗೆ 4 ವೈ ಕೂಡಿಸಿದರೆ ಸೊನ್ನೆ. ಎಕ್ಸ್ ಸೊನ್ನೆ ಇದ್ದಾಗ ವೈ ಸೊನ್ನೆ, ಅದರ ಮೊದಲ ಡೆರಿವೇಟಿವ್ 2. ವೈ ಯಾವುದು? ಉತ್ತರಗಳು: 1, 3 ಮತ್ತು 1, ಸೈನ್ 2ಎಕ್ಸ್. ಮೂರೂ ಬಂದರೆ ಯಾವ ದಾರಿಯೂ ನಿಮಗೆ ತೆರೆದಿದೆ. ಒಂದೇ ಬಂದರೆ ತಿದ್ದುವವರಿಲ್ಲದ ಸ್ವಂತ ಓದು ಈಗಲೇ ಬೇಡ. ಎರಡು ತಿಂಗಳು ಡಿಗ್ರಿಯ ಗಣಿತ ತಿರುಗಿ ಹಾಕಿ, ಆಮೇಲೆ ಮುಂದಿನದು.

ಕೋಚಿಂಗ್

ಕೋಚಿಂಗ್ ಸೇರುವುದು ಪರೀಕ್ಷೆಗಾಗಿ. ಸಂಶೋಧನೆಗೂ ಅಧ್ಯಾಪಕ ಹುದ್ದೆಗೂ ಬರೆಯುವ ರಾಷ್ಟ್ರಮಟ್ಟದ ಪರೀಕ್ಷೆ ಸಿಎಸ್‌ಐಆರ್ ನೆಟ್‌ನ ಫಿಸಿಕ್ಸ್ ಸಿಲೆಬಸ್‌ನಲ್ಲಿ ಗಣಿತ ವಿಧಾನಗಳೇ ಮೊದಲ ಘಟಕ. ಮೂರು ಗಂಟೆ, 200 ಅಂಕ, ಗರಿಷ್ಠ 55 ಪ್ರಶ್ನೆ ಬಿಡಿಸಬಹುದು. ಒಂದಕ್ಕೆ ಮೂರು ನಿಮಿಷದ ಮೇಲೆ ಸ್ವಲ್ಪ. ತಪ್ಪಾದರೆ ಕಾಲು ಭಾಗ ಅಂಕ ಹೋಗುತ್ತದೆ. ಕೆಸೆಟ್‌ನಲ್ಲಿ ಅಂಕ ಕಳೆಯುವುದಿಲ್ಲ, ಅಲ್ಲಿ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ.

ಹಗೇವಿನ ಲೆಕ್ಕವನ್ನು ಪೂರ್ತಿ ಬಿಡಿಸಲು ಹೊಸಬರಿಗೆ ಮುಕ್ಕಾಲು ಗಂಟೆ ಬೇಕು. ಒಳ್ಳೆ ಕೋಚಿಂಗ್‌ನವರು ಒಂದು ನಿಮಿಷದಲ್ಲಿ ಮುಗಿಸುತ್ತಾರೆ. ಶಾಖ ಹರಡುವ ಗುಣಾಂಕದ ಮಾನ ಮೀಟರ್ ವರ್ಗ ಭಾಗಿಸು ಸೆಕೆಂಡ್. ಅದನ್ನು ಸಮಯದಿಂದ ಗುಣಿಸಿದರೆ ಆಳದ ವರ್ಗ. ಆದ್ದರಿಂದ ಆಳ ಸಮಯದ ವರ್ಗಮೂಲದ ಹಾಗೆ, 365ರ ವರ್ಗಮೂಲ 19, ಮುಗಿಯಿತು. ಇದು ಮೋಸ ಅಲ್ಲ, ನಿಜವಾದ ಫಿಸಿಕ್ಸ್. ಆದರೆ 58 ದಿನದ ವಿಳಂಬ ಕೇಳಿದರೆ ಈ ಉಪಾಯ ಅಲ್ಲಿಗೆ ನಿಲ್ಲುತ್ತದೆ. ಬುಡ ಗಟ್ಟಿ ಇರುವವರಿಗೆ ಕೋಚಿಂಗ್ ಚುರುಕು ಕೊಡುತ್ತದೆ. ಬುಡವೇ ಇಲ್ಲದವರಿಗೆ ದೊಡ್ಡ ಮೊತ್ತ ಕಟ್ಟಿಸಿಕೊಂಡು ಸೂತ್ರದ ಪಟ್ಟಿ ಕೊಡುತ್ತದೆ. ಸಾಲ ಮಾಡಿ ಕೋಚಿಂಗ್ ಸೇರುವುದನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ ಎಲ್ಲರಿಗೂ ಸಿಗುತ್ತವೆ, ಗಡಿಯಾರ ಇಟ್ಟುಕೊಂಡು ಬಿಡಿಸಿದರೆ ಅರ್ಧ ಕೋಚಿಂಗ್ ಅದೇ.

ಆ ಮೂವರಿಗೆ ಹೇಳಿದ್ದು

ಇಂಡಿಯ ಹುಡುಗಿಗೆ: ಕ್ಲಾಸಿಗೇ ಸೇರು. ಅವಳ ತಂದೆಯ ಜೊತೆಯೂ ಮಾತಾಡಿದೆ. "ಎರಡು ವರ್ಷ ಕಳಿಸ್ರಿ ಕಾಕಾ, ಬಸ್ ಖರ್ಚಿಲ್ಲ, ತಿದ್ದೋರು ಎದುರಿಗೆ ಇರ್ತಾರ" ಅಂದೆ. ಮೊದಲ ಸೆಮಿಸ್ಟರಿಗೆ ಇಗ್ನೋ ಪುಸ್ತಕ ಜೊತೆಗಿಟ್ಟುಕೋ ಅಂತ ಅವಳಿಗೆ ಹೇಳಿದ್ದೇನೆ. ಕ್ಲಾಸಿನಲ್ಲಿ ಓಡಿದ್ದನ್ನು ಮನೆಯಲ್ಲಿ ನಿಧಾನ ಓದಲು ಅದು ಒಳ್ಳೆಯದು.

ಫೌಂಡ್ರಿಯ ಎಂಜಿನಿಯರ್‌ಗೆ: ಎನ್‌ಪಿಟೆಲ್ ಮತ್ತು ಬೋಸ್. ವಿಟಿಯುನಲ್ಲಿ ಫೋರಿಯರ್, ಲಾಪ್ಲಾಸ್ ಓದಿದ್ದಾನೆ, ಮೂರೂ ಲೆಕ್ಕ ಇಪ್ಪತ್ತು ನಿಮಿಷಕ್ಕೆ ಬಿಡಿಸಿದ. ಅಚ್ಚಿನಲ್ಲಿ ಲೋಹ ತಣಿಯುವುದನ್ನು ದಿನಾ ನೋಡುವವನಿಗೆ ಹೀಟ್ ಈಕ್ವೇಶನ್ ಹೊಸ ನೆಂಟ ಅಲ್ಲ. ಅವನಿಗೆ ಬೇಕಾಗಿರುವುದು ಕಾಂಪ್ಲೆಕ್ಸ್ ಅನಾಲಿಸಿಸ್ ಮತ್ತು ಸ್ಪೆಷಲ್ ಫಂಕ್ಷನ್ ಮಾತ್ರ. ಅದಕ್ಕಾಗಿ ಕೆಲಸ ಬಿಡಬಾರದು.

ಮುಧೋಳದ ಸರ್‌ಗೆ ಹೇಳುವುದು ಕಷ್ಟವಾಯಿತು. ಅವರು ಕೋಚಿಂಗ್‌ಗೆ ಹಣ ಕಟ್ಟಲು ತಯಾರಿದ್ದರು. ಮೂರು ಲೆಕ್ಕದಲ್ಲಿ ಒಂದು ಬಂತು. ಹನ್ನೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ, ಗಣಿತ ಎರಡನ್ನೂ ಪಾಠ ಮಾಡಿದ ಕೈ ಅದು, ತುಕ್ಕು ಹಿಡಿದಿರುವುದು ಮೇಲ್ಪದರ ಮಾತ್ರ. ಈ ಸಲದ ಕೆಸೆಟ್ ಬರೆದು ನೋಡಿ, ಆದರೆ ಗುರಿ ಮುಂದಿನ ಸಲದ್ದು ಇರಲಿ ಅಂದೆ. ಮೊದಲ ನಾಲ್ಕು ತಿಂಗಳು ಇಜ್ಞಾನಕೋಶ್ ಪುಸ್ತಕ, ವಾರಕ್ಕೆ ಎರಡು ಹಾಳೆ. ಆಮೇಲೆ ಹಳೇ ಪ್ರಶ್ನೆಪತ್ರಿಕೆ. ಹಣ ಮನೆಯಲ್ಲೇ ಇರಲಿ.

ಆ ಎರಡು ಹಾಳೆ ಯಾರು ನೋಡಬೇಕು ಅಂತ ಅವರು ಕೇಳಿದರು. ನಾನು ನೋಡುತ್ತೇನೆ ಅಂದೆ. ಹೋದ ರವಿವಾರ ರಾತ್ರಿ ಮೊದಲ ಹಾಳೆಯ ಫೋಟೋ ಬಂತು. ಹಗೇವಿನ ಲೆಕ್ಕವೇ. ಐಯ ವರ್ಗಮೂಲದವರೆಗೆ ಸರಿಯಾಗಿ ಬಂದಿದ್ದರು. ಅಲ್ಲಿ ಎರಡೂ ಉತ್ತರ ಇಟ್ಟುಕೊಂಡು ನಿಂತುಬಿಟ್ಟಿದ್ದರು. ಕೆಂಪು ಪೆನ್ನಿನಲ್ಲಿ ಆ ಸಾಲಿನ ಕೆಳಗೆ ಒಂದೇ ಪ್ರಶ್ನೆ ಬರೆದು ಕಳಿಸಿದೆ: "ಸರ್, ಇಪ್ಪತ್ತು ಮೀಟರ್ ಆಳದಲ್ಲಿ ಇದು ಎಷ್ಟಾಗುತ್ತದೆ?" ಹತ್ತು ನಿಮಿಷಕ್ಕೆ ಇನ್ನೊಂದು ಫೋಟೋ ಬಂತು. ಒಂದು ಉತ್ತರದ ಮೇಲೆ ಅಡ್ಡಗೆರೆ ಎಳೆದಿದ್ದರು.